ಬೆಂಕಿಬೆಟ್ಟದ ನೀರು

ಚಿಲಿ ದೇಶದ ಉತ್ತರ ಭಾಗದಲ್ಲಿ, ಬೊಲಿವಿಯಾದ ಗಡಿಯ ಮೇಲೆ, ಲಿಕಾನ್‌ಕಾಬುರ್ ಎಂಬ ಜ್ವಾಲಾಮುಖಿ ನಿಂತಿದೆ. ಎತ್ತರ 5,916 ಮೀಟರ್. ಅದರ ಪಡುವಣಕ್ಕೆ, ಸುಮಾರು 2,400 ಮೀಟರ್ ಎತ್ತರದಲ್ಲಿ, ಸಾನ್ ಪೆದ್ರೊ ದೆ ಅಟಕಾಮಾ ಎಂಬ ಹಳೆಯ ಊರು. ಆ ಊರಿನ ಮಣ್ಣುಗೋಡೆಯ ಓಣಿಗಳಲ್ಲಿ ನಡೆಯುವವರಿಗೆ ಬೆಟ್ಟ ಮತ್ತೆಮತ್ತೆ ಎದುರಾಗುತ್ತದೆ. ನಡುವೆ ಅಡ್ಡ ಬರುವ ಗುಡ್ಡವಿಲ್ಲ, ಬಹುಪಾಲು ದಿನ ಮೋಡವೂ ಇಲ್ಲ. ಎಲ್ಲ ಕಡೆಯಿಂದಲೂ ಸಮನಾಗಿ ಇಳಿದ ಶಂಕುವಿನ ಆಕೃತಿ ಅದರದು. ಭೂಮಿಯ ಮೇಲಿನ ಅತ್ಯಂತ ಒಣ ನೆಲಗಳಲ್ಲಿ ಒಂದೆನಿಸಿದ ಅಟಕಾಮಾ ಮರುಭೂಮಿಯ ಅಂಚಿಗೆ ಕಾವಲಿಟ್ಟಂತಿರುವ ಈ ಬೆಟ್ಟದ ನೆತ್ತಿಯಲ್ಲಿ ಒಂದು ಕೆರೆಯಿದೆ.

ಮರುಭೂಮಿಯ ಬೆಟ್ಟದ ಬಗ್ಗೆ ಮಾತು ಬಂದರೆ ಕಲ್ಲು, ಬೆಂಕಿ, ಬಿಸಿಲುಗಳೇ ಮುಂದೆ ಬರುವುದು ವಾಡಿಕೆ. ಈ ಉಪನ್ಯಾಸ ಹಿಡಿಯುವ ದಾರಿ ಬೇರೆ. ಲಿಕಾನ್‌ಕಾಬುರ್ ಮತ್ತು ಅದರ ಸುತ್ತಲಿನ ಸೀಮೆ ಅರ್ಥವಾಗಬೇಕಾದರೆ ನೀರಿನ ಜಾಡಿನಲ್ಲೇ ಹೋಗಬೇಕು. ಬೆಟ್ಟ ಹುಟ್ಟಿದ್ದು ನೀರಿನ ದೆಸೆಯಿಂದ. ಅಲ್ಲಿನ ಮೂಲನಿವಾಸಿಗಳು ಅದಕ್ಕೆ ಕೈಮುಗಿಯುವುದು ನೀರಿಗಾಗಿ. ಇವತ್ತು ಅದರ ತಪ್ಪಲಿನಲ್ಲಿ ನಡೆದಿರುವ ವ್ಯಾಜ್ಯವೂ ನೀರಿನದೇ.

ಮೊದಲು ಹುಟ್ಟಿನ ವಿಚಾರ. ಪೆಸಿಫಿಕ್ ಸಾಗರದ ತಳದ ಭಾಗವಾಗಿರುವ ನಾಜ್ಕಾ ಭೂಫಲಕ ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ದಕ್ಷಿಣ ಅಮೆರಿಕದ ಅಡಿಗೆ ಜಾರುತ್ತಿದೆ. ಜಾರುವಾಗ ಅದು ಬರಿಗೈಯಲ್ಲಿ ಹೋಗುವುದಿಲ್ಲ. ತಳದ ಕೆಸರಿನಲ್ಲೂ ಖನಿಜದ ಹರಳುಗಳ ಒಳಗೂ ಸಮುದ್ರದ ನೀರನ್ನು ಹೊತ್ತೊಯ್ಯುತ್ತದೆ. ಸುಮಾರು 100 ಕಿಲೋಮೀಟರ್ ಆಳಕ್ಕೆ ಇಳಿಯುವ ಹೊತ್ತಿಗೆ ಒತ್ತಡವೂ ಕಾವೂ ಸೇರಿ ಆ ನೀರನ್ನು ಹಿಂಡಿ ಹೊರಗೆ ತೆಗೆಯುತ್ತವೆ. ಮೇಲಿರುವ ಬಿಸಿ ಬಂಡೆಗೆ ಆ ನೀರು ಸೇರಿದಾಗ ಬಂಡೆ ಕರಗುವ ಉಷ್ಣತೆ ತಗ್ಗುತ್ತದೆ. ನೀರು ಬಾರದಿದ್ದರೆ ಗಟ್ಟಿಯಾಗಿಯೇ ಉಳಿಯುತ್ತಿದ್ದ ಬಂಡೆ ಕರಗಿ ಶಿಲಾರಸವಾಗಿ ಮೇಲೇಳುತ್ತದೆ. ಆಂಡೀಸ್ ಪರ್ವತಗಳ ಈ ಭಾಗದಲ್ಲಿ ಭೂಮಿಯ ಹೊರಪದರ ಸುಮಾರು 70 ಕಿಲೋಮೀಟರ್ ದಪ್ಪ. ಅಷ್ಟು ದಪ್ಪದ ಪದರವನ್ನು ತೂರಿ ಬರುವಷ್ಟರಲ್ಲಿ ಶಿಲಾರಸ ದಾರಿಯ ಬಂಡೆಗಳನ್ನೂ ಕರಗಿಸಿಕೊಂಡು ಸಿಲಿಕಾ ಹೆಚ್ಚಿಸಿಕೊಳ್ಳುತ್ತದೆ, ಅಂಟಂಟಾಗುತ್ತದೆ. ಆ ಅಂಟಿನಲ್ಲಿ ಸಿಕ್ಕಿಕೊಂಡ ಹಬೆ ಸುಲಭಕ್ಕೆ ಹೊರಬರಲಾರದು, ಬಂದಾಗ ಸಿಡಿದೇ ಬರುತ್ತದೆ. ಒಮ್ಮೆ ಸಿಡಿದ ಬೂದಿ, ಒಮ್ಮೆ ನಿಧಾನಕ್ಕೆ ಹರಿದ ಲಾವಾ, ಮತ್ತೆ ಬೂದಿ, ಹೀಗೆ ಪದರದ ಮೇಲೆ ಪದರ ಕೂತು ಬೆಳೆದ ಬೆಟ್ಟಗಳನ್ನು ಸ್ತರ ಜ್ವಾಲಾಮುಖಿ ಎನ್ನುತ್ತಾರೆ. ಲಿಕಾನ್‌ಕಾಬುರ್ ಅಂಥದು.

ಅದರ ಕಲ್ಲು ಹೆಚ್ಚಾಗಿ ಆಂಡೆಸೈಟ್. ಈ ಕಲ್ಲಿಗೆ ಆಂಡೀಸ್ ಪರ್ವತದ ಹೆಸರೇ ಬಂದಿದೆ. ಮೈಮೇಲೆ ಹರಿದ ಲಾವಾ ಎರಡೂ ಬದಿಗೆ ಏರಿ ಕಟ್ಟಿಕೊಂಡ ಗುರುತುಗಳು ಇನ್ನೂ ಅಳಿಯದೆ ಉಳಿದಿವೆ. ಮನುಷ್ಯರ ದಾಖಲೆಯಲ್ಲಿ ಈ ಬೆಟ್ಟ ಸಿಡಿದದ್ದಿಲ್ಲ. ಹಾಗಿದ್ದೂ ಅದು ಹೊಸದಾಗಿ ಕಟ್ಟಿದಂತೆ ಕಾಣುವುದಕ್ಕೆ ಕಾರಣ, ಅದನ್ನು ಕೊರೆದು ಸವೆಸಬಲ್ಲ ಮಳೆಯೂ ಹಿಮನದಿಯೂ ಅಲ್ಲಿಲ್ಲ. ಪಕ್ಕದಲ್ಲೇ ಹೆಗಲು ತಾಗಿಸಿ ನಿಂತಿರುವ ಹುರಿಕೆಸ್ ಎಂಬ ಇನ್ನೊಂದು ಜ್ವಾಲಾಮುಖಿಯ ನೆತ್ತಿ ಮಾತ್ರ ಕತ್ತರಿಸಿ ತೆಗೆದಂತೆ ಚಪ್ಪಟೆ. ಅಲ್ಲಿರುವ ಕುಳಿಯ ಅಗಲ ಸುಮಾರು ಒಂದೂವರೆ ಕಿಲೋಮೀಟರ್.

ದಕ್ಷಿಣಕ್ಕೆ ಸರಿದರೆ ಲಾಸ್ಕರ್ ಜ್ವಾಲಾಮುಖಿ ಸಿಗುತ್ತದೆ. ಲಿಕಾನ್‌ಕಾಬುರ್ ಸುಮ್ಮನಿದೆ, ಲಾಸ್ಕರ್ ಸುಮ್ಮನಿಲ್ಲ. 1993ರ ಏಪ್ರಿಲ್‌ನಲ್ಲಿ ಅದು ಸಿಡಿದಾಗ ಬೂದಿಯ ಕಂಬ 20 ಕಿಲೋಮೀಟರಿಗೂ ಮೇಲೇರಿತು. ಆಂಡೀಸನ್ನು ದಾಟಿ, ಖಂಡದ ಆಚೆ ದಡದಲ್ಲಿರುವ ಬ್ಯೂನಸ್ ಐರಿಸ್‌ನಲ್ಲೂ ಬೂದಿ ಉದುರಿತು. ಈ ಸೀಮೆಯ ನೆಲದ ಅಡಿಯಲ್ಲಿ ಕಾವು ಇನ್ನೂ ಆರಿಲ್ಲ. ಇಲ್ಲಿಂದ ಬೊಲಿವಿಯಾ, ಅರ್ಜೆಂಟೀನಾಗಳವರೆಗೆ ಹಬ್ಬಿದ ಎತ್ತರದ ಬಯಲಿನ ಕೆಳಗೆ, ಸುಮಾರು 20 ಕಿಲೋಮೀಟರ್ ಆಳದಲ್ಲಿ, ಅರೆಕರಗಿದ ಬಂಡೆಯ ದೊಡ್ಡ ಒಡಲೊಂದು ಹರಡಿಕೊಂಡಿದೆ ಎಂಬುದನ್ನು ಭೂಕಂಪದ ಅಲೆಗಳ ಅಧ್ಯಯನ ತೋರಿಸಿದೆ.

ಹುಟ್ಟಿಗೆ ನೀರು ಕಾರಣವಾದ ಬೆಟ್ಟದ ಮೇಲೆ ಈಗ ನೀರೇಕೆ ಇಷ್ಟು ವಿರಳ? ಮೂರು ಸಂಗತಿಗಳು ಒಟ್ಟಾಗಿ ಅಟಕಾಮಾವನ್ನು ಒಣಗಿಸಿವೆ. ಪೆಸಿಫಿಕ್‌ನ ಮೇಲೆ ಸದಾ ಕೂತಿರುವ ಅಧಿಕ ಒತ್ತಡದ ಗಾಳಿ ಮೋಡವನ್ನು ಮೇಲೇಳಗೊಡುವುದಿಲ್ಲ. ಕರಾವಳಿಗೆ ಒತ್ತಿಕೊಂಡು ಹರಿಯುವ ಹಂಬೋಲ್ಟ್ ಶೀತಪ್ರವಾಹ ಸಮುದ್ರದಿಂದ ಆವಿ ಏಳುವುದನ್ನು ತಗ್ಗಿಸುತ್ತದೆ. ಮೂಡಣದಲ್ಲಿ ಅಮೆಜಾನಿನ ಕಡೆಯಿಂದ ಬರುವ ತೇವವನ್ನು ಆಂಡೀಸ್ ತಡೆದು ನಿಲ್ಲಿಸುತ್ತದೆ. ಹೀಗೆ ಈ ನಾಡು ಪರ್ವತದ ಮಳೆನೆರಳಿನಲ್ಲಿ ಬಿದ್ದಿದೆ. ವರ್ಷದಲ್ಲಿ ಜನವರಿ, ಫೆಬ್ರವರಿಯ ಹೊತ್ತಿಗೆ ಮಾತ್ರ ಮೂಡಣದ ತೇವ ಬೆಟ್ಟಸಾಲನ್ನು ಹತ್ತಿ ಈಚೆಗೆ ಚೆಲ್ಲುವುದುಂಟು. ಪಂಚಾಂಗದಲ್ಲಿ ಅದು ಬೇಸಿಗೆಯಾದರೂ ಸ್ಥಳೀಯರು ಅದನ್ನು ‘ಬೊಲಿವಿಯಾದ ಚಳಿಗಾಲ’ ಎನ್ನುತ್ತಾರೆ. ಆ ಕೆಲವು ವಾರಗಳ ಮಳೆ, ಹಿಮವೇ ಇಡೀ ಸೀಮೆಯ ಬಂಡವಾಳ.

ಬಿದ್ದ ಹಿಮವೂ ನೀರಾಗಿ ಇಳಿಯುತ್ತದೆ ಎನ್ನುವಂತಿಲ್ಲ. ಗಾಳಿ ಅಷ್ಟು ಒಣ, ಬಿಸಿಲು ಅಷ್ಟು ಚುರುಕು. ಹಿಮದ ಒಂದು ಪಾಲು ಕರಗದೆ ನೇರವಾಗಿ ಆವಿಯಾಗಿಬಿಡುತ್ತದೆ. ಒಂದೊಂದು ಕಡೆ ಒಂದೊಂದು ಪ್ರಮಾಣದಲ್ಲಿ ಹೀಗೆ ಆವಿಯಾಗಿ ಹಿಮದ ಹಾಸು ಆಳೆತ್ತರದ ಚೂಪು ಅಲಗುಗಳಾಗಿ ಉಳಿಯುವುದುಂಟು. ಮಂಡಿಯೂರಿ ತಪಸ್ಸಿಗೆ ಕೂತವರಂತೆ ಕಾಣುವ ಈ ಸಾಲುಗಳನ್ನು ಚಾರ್ಲ್ಸ್ ಡಾರ್ವಿನ್ 1835ರಲ್ಲಿ ಆಂಡೀಸ್ ದಾಟುವಾಗ ಕಂಡು ಬರೆದಿಟ್ಟಿದ್ದಾರೆ. ಆರು ಸಾವಿರ ಮೀಟರ್ ಮೀರಿದ ಶಿಖರಗಳಿದ್ದೂ ಹಿಮನದಿಗಳಿಲ್ಲದ ಪ್ರದೇಶ ಇದು. ಹಿಮಾಲಯದ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡ ಭಾರತೀಯರಿಗೆ ಇದು ನಂಬಲು ಕಷ್ಟ.

ಇಂಥ ಕಡೆ, 5,900 ಮೀಟರಿನಲ್ಲಿ, ಲಿಕಾನ್‌ಕಾಬುರ್‌ನ ಕುಳಿಯೊಳಗೆ ಕೆರೆ ಹೇಗೆ ಉಳಿಯಿತು? ಕೆರೆ ದೊಡ್ಡದೇನಲ್ಲ. ನಾನೂರು ಐನೂರು ಮೀಟರ್ ಅಗಲದ ಕುಳಿಯಲ್ಲಿ ಉದ್ದ ಸುಮಾರು 90 ಮೀಟರ್, ಅಗಲ 70 ಮೀಟರ್. ಆಳ ಹತ್ತು ಮೀಟರಿಗೂ ಕಡಿಮೆ. ವರ್ಷದ ಬಹುಭಾಗ ಮೇಲೆ ಮಂಜುಗಡ್ಡೆಯ ಮುಚ್ಚಳವಿರುತ್ತದೆ. ಹೊರಗೆ ರಾತ್ರಿಯ ಚಳಿ ಸೊನ್ನೆಗಿಂತ ಬಹಳ ಕೆಳಗಿಳಿದರೂ ತಳದ ನೀರು ಸುಮಾರು 6 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಂತಿರುತ್ತದೆ. ನಿದ್ದೆಯಲ್ಲಿರುವ ಜ್ವಾಲಾಮುಖಿ ತನ್ನ ಒಡಲಿನ ಕಾವನ್ನು ತೆಳುವಾಗಿ ಕೆರೆಗೆ ದಾಟಿಸುತ್ತಿದೆ ಎಂಬುದು ವಿಜ್ಞಾನಿಗಳ ಊಹೆ.

ಅಮೆರಿಕದ ಮಾನವಶಾಸ್ತ್ರಜ್ಞ ಯೊಹಾನ್ ರೈನ್‌ಹಾರ್ಡ್ 1980ರ ದಶಕದಲ್ಲಿ ಈ ಕೆರೆಯಲ್ಲಿ ಮುಳುಗು ಹಾಕಿದರು. ಇಂಕಾಗಳು ನೀರಿಗೆ ಅರ್ಪಿಸಿದ ಕಾಣಿಕೆಗಳು ತಳದಲ್ಲಿ ಸಿಕ್ಕಾವೇ ಎಂಬುದು ಅವರ ಹುಡುಕಾಟ. ಆ ಮುಳುಗಿನಲ್ಲಿ ಕಂಡದ್ದು ನೀರಿನಲ್ಲಿ ಈಜುವ ಪುಟ್ಟ ಜೀವಿಗಳು, ಜೀವ ತುಂಬಿದ ತಳದ ಕೆಸರು. ಇಪ್ಪತ್ತು ವರ್ಷಗಳ ನಂತರ ಅದೇ ಜೀವಿಗಳಿಗಾಗಿ, ಭೂಮಿಯಾಚೆಯ ಜೀವ ಹುಡುಕುವ ಸೇಟಿ ಸಂಸ್ಥೆಯ ನಾತಾಲಿ ಕಾಬ್ರೋಲ್ ಅವರ ತಂಡ ನಾಸಾದ ನೆರವಿನಿಂದ ಬೆಟ್ಟ ಹತ್ತಿತು. ಗಾಳಿ ತೆಳು, ಚಳಿ ಕಡು, ನೇರಳಾತೀತ ಕಿರಣ ಅಪಾರ, ಕೆಳಗೆ ಜ್ವಾಲಾಮುಖಿಯ ಕಾವು: ಮುನ್ನೂರೈವತ್ತು ಕೋಟಿ ವರ್ಷಗಳ ಹಿಂದಿನ ಮಂಗಳ ಗ್ರಹದ ಕೆರೆಗಳ ಸ್ಥಿತಿಗೆ ಭೂಮಿಯ ಮೇಲೆ ಇದಕ್ಕಿಂತ ಹತ್ತಿರದ ಜಾಗಗಳು ಕಡಿಮೆ. ಕಾಬ್ರೋಲ್ ಸ್ವತಃ ಆ ನೀರಿಗೆ ಇಳಿದರು. 2003ರ ಡಿಸೆಂಬರ್ 29ರಂದು ಅವರ ತಂಡದ ಉಪಕರಣ ಇಲ್ಲಿ ದಾಖಲಿಸಿದ ನೇರಳಾತೀತ ಸೂಚ್ಯಂಕ 43.3. ಸೂಚ್ಯಂಕ 11 ಮುಟ್ಟಿದರೆ ಅತ್ಯಂತ ಅಪಾಯ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. 2014ರಲ್ಲಿ ಇದು ಪ್ರಕಟವಾದಾಗ ಅಂಕಿಯನ್ನು ಪ್ರಶ್ನಿಸಿದ ವಿಜ್ಞಾನಿಗಳೂ ಇದ್ದರು. ಅಳತೆಯಲ್ಲಿ ಒಂದಿಷ್ಟು ಕಳೆದರೂ ಇಲ್ಲಿನ ಬಿಸಿಲಿನ ತೀಕ್ಷ್ಣತೆಯ ಬಗ್ಗೆ ಅನುಮಾನ ಉಳಿಯುವುದಿಲ್ಲ. ಅಂಥ ಬಿಸಿಲಿನ ಕೆಳಗೆ ಆ ಪುಟ್ಟ ಜೀವಿಗಳು ಬಾಳುತ್ತಿವೆ.

ಕೆರೆಯ ಬಳಿಗೆ ವಿಜ್ಞಾನಿಗಳಿಗಿಂತ ಐನೂರು ವರ್ಷ ಮೊದಲೇ ಜನ ಹೋಗಿದ್ದರು. ಕುಳಿಯ ಅಂಚಿನಲ್ಲಿ ಇಂಕಾ ಕಾಲದ ಕಲ್ಲುಕಟ್ಟಡಗಳ ಅವಶೇಷಗಳಿವೆ. ಬೊಲಿವಿಯಾದ ಕಡೆಯ ಬುಡದಲ್ಲಿ ಬೆಟ್ಟ ಹತ್ತುವವರು ತಂಗಲು ಕಟ್ಟಿದ್ದ ದೊಡ್ಡದೊಂದು ಬಿಡಾರದ ಗೋಡೆಗಳು ಇಂದಿಗೂ ನಿಂತಿವೆ. ಆಧುನಿಕ ಕಾಲದಲ್ಲಿ ನೆತ್ತಿ ತಲುಪಿದ ಮೊದಲಿಗನೆಂದು ದಾಖಲೆಯಲ್ಲಿರುವವನು ಸೆವೆರೊ ತಿತಿಚೋಕಾ. ಕಾಲ 1880ರ ದಶಕ. ಮರವೇ ಬೆಳೆಯದ ಎತ್ತರದಲ್ಲಿ ಆತ ಕಂಡದ್ದು ಕಟ್ಟಡಗಳ ಜೊತೆಗೆ ಸೌದೆಯ ರಾಶಿ. ಉಸಿರು ಸಾಲದ ಆ ಏರಿನಲ್ಲಿ, ಕೆಳಗಿನ ಕಣಿವೆಗಳಿಂದ ಯಾರೋ ಬೆನ್ನ ಮೇಲೆ ಹೊತ್ತು ತಂದು ಒಟ್ಟಿದ ಸೌದೆ ಅದು.

ಇಂಕಾ ಸಾಮ್ರಾಜ್ಯ ಈ ಸೀಮೆಯನ್ನು ಒಳಗೆ ತೆಗೆದುಕೊಂಡದ್ದು ಹದಿನೈದನೆಯ ಶತಮಾನದಲ್ಲಿ. ಗೆದ್ದ ನಾಡಿನ ಅತಿ ಎತ್ತರದ ಬೆಟ್ಟಗಳನ್ನು ಹತ್ತಿ ಅಲ್ಲಿ ಪೂಜೆಯ ಜಾಗ ಕಟ್ಟುವುದು ಅವರ ರಾಜ್ಯಕಾರಣದ ಭಾಗವೂ ಆಗಿತ್ತು. ಊರಿನವರು ನೀರು ಕೊಡುವ ದೇವರೆಂದು ನಂಬಿದ್ದ ಬೆಟ್ಟದ ನೆತ್ತಿಯನ್ನು ಹಿಡಿದವರು ಊರಿನವರ ಮನಸ್ಸನ್ನೂ ಹಿಡಿದಂತೆ. ಆ ಪೂಜೆಯ ಕಠೋರ ಮುಖ ಕಂಡದ್ದು ಇಲ್ಲಿಂದ ದಕ್ಷಿಣಕ್ಕೆ ಇನ್ನೂರು ಕಿಲೋಮೀಟರಿಗೂ ಆಚೆ, 6,739 ಮೀಟರ್ ಎತ್ತರದ ಯುಯಾಯಾಕೊ ಜ್ವಾಲಾಮುಖಿಯ ಮೇಲೆ. 1999ರಲ್ಲಿ ರೈನ್‌ಹಾರ್ಡ್ ಮತ್ತು ಅರ್ಜೆಂಟೀನಾದ ಪುರಾತತ್ವಜ್ಞೆ ಕಾನ್‌ಸ್ಟಾನ್ಸಾ ಸೆರೂತಿ ಅಲ್ಲಿ ಮೂರು ಮಕ್ಕಳ ದೇಹಗಳನ್ನು ಕಂಡರು. ಒಬ್ಬಳು ಹದಿಮೂರರ ಆಸುಪಾಸಿನ ಹುಡುಗಿ, ಉಳಿದಿಬ್ಬರು ಇನ್ನೂ ಚಿಕ್ಕವರು. ಚಳಿ, ಒಣಗಾಳಿಗಳು ಐನೂರು ವರ್ಷ ಅವರನ್ನು ಕೆಡದಂತೆ ಕಾಪಾಡಿದ್ದವು. ಹುಡುಗಿಯ ಕೂದಲಿನ ಪರೀಕ್ಷೆಯ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಬದುಕಿನ ಕೊನೆಯ ತಿಂಗಳುಗಳಲ್ಲಿ ಅವಳಿಗೆ ಕೋಕಾ ಎಲೆಯನ್ನೂ ಮದ್ಯವನ್ನೂ ಹೆಚ್ಚುಹೆಚ್ಚಾಗಿ ಕೊಡುತ್ತ ಬಂದಿದ್ದರು.

ಆ ಮಕ್ಕಳು ಈಗ ಅರ್ಜೆಂಟೀನಾದ ಸಾಲ್ತಾ ನಗರದ ಸಂಗ್ರಹಾಲಯದಲ್ಲಿ ಶೀತಪೆಟ್ಟಿಗೆಗಳಲ್ಲಿದ್ದಾರೆ. ಅವರನ್ನು ಪ್ರದರ್ಶಿಸುವುದು ಸರಿಯೇ ಎಂಬ ಪ್ರಶ್ನೆಯನ್ನು ಆಂಡೀಸಿನ ಮೂಲನಿವಾಸಿಗಳು ಎತ್ತುತ್ತಲೇ ಬಂದಿದ್ದಾರೆ. ಸಾನ್ ಪೆದ್ರೊ ಆ ವಿಚಾರದಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು. ಬೆಲ್ಜಿಯಮ್‌ನಿಂದ 1950ರ ದಶಕದಲ್ಲಿ ಬಂದ ಜೆಸುಯಿಟ್ ಪಾದ್ರಿ ಗುಸ್ತಾವೊ ಲೆ ಪೈಜೆ ಕಟ್ಟಿದ ಸಂಗ್ರಹಾಲಯದಲ್ಲಿ ಮರುಭೂಮಿಯ ಸಮಾಧಿಗಳಿಂದ ತೆಗೆದ ದೇಹಗಳನ್ನು ವರ್ಷಗಟ್ಟಲೆ ಗಾಜಿನೊಳಗೆ ಇಟ್ಟಿದ್ದರು. ಊರಿನವರ ಬೇಡಿಕೆಗೆ ಓಗೊಟ್ಟು 2007ರಲ್ಲಿ ಅವುಗಳನ್ನು ಪ್ರದರ್ಶನದಿಂದ ತೆಗೆದರು. ಇದು ತಡವಾದ ನ್ಯಾಯ, ಆದರೂ ನ್ಯಾಯ. ಒಬ್ಬರ ಅಜ್ಜಿ ಇನ್ನೊಬ್ಬರ ಪ್ರವಾಸದ ನೋಟವಾಗಬಾರದು.

ಈ ಊರಿನವರೆಂದರೆ ಲಿಕಾನಂತಾಯ್ ಜನ. ಸ್ಪ್ಯಾನಿಶ್‌ನಲ್ಲಿ ಅಟಕಾಮೆನ್ಯೊ ಎಂದು ಹೆಸರು. ಚಿಲಿಯ 1993ರ ಕಾಯಿದೆ ಇವರನ್ನು ಮೂಲನಿವಾಸಿಗಳೆಂದು ಮಾನ್ಯ ಮಾಡಿತು. ಇವರ ಊರುಗಳೆಲ್ಲ ಬೆಟ್ಟದಿಂದ ಇಳಿಯುವ ಸಣ್ಣ ತೊರೆಗಳ ಬಾಯಲ್ಲಿ ಕೂತಿವೆ. ಅಂಗುಲ ಅಂಗುಲ ಪಾತಿ ಕಟ್ಟಿ ಮೆಕ್ಕೆಜೋಳ, ಕ್ವಿನೋವಾ, ಆಲೂಗಡ್ಡೆ ಬೆಳೆಯುತ್ತಾರೆ; ಲಾಮಾ, ಕುರಿ ಸಾಕುತ್ತಾರೆ. ನೀರು ಸರದಿಯಲ್ಲಿ ಹಂಚಿಕೆ. ಸೊಕಾಯ್ರೆಯಂಥ ಹಳ್ಳಿಗಳಲ್ಲಿ ವರ್ಷಕ್ಕೊಮ್ಮೆ ಊರೆಲ್ಲ ಕೂಡಿ ಕಾಲುವೆಯ ಹೂಳು ತೆಗೆಯುತ್ತದೆ. ಕೆಲಸವೂ ಅದೇ, ಜಾತ್ರೆಯೂ ಅದೇ. ಹೂಳು ತೆಗೆದ ಮೇಲೆ ತಲಾತುರ್ ಎಂಬ ಹಾಡು ಹೇಳಿ, ಸುತ್ತಲಿನ ಬೆಟ್ಟಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆದು, ನೀರು ಕೊಡಿ ಎಂದು ಬೇಡುತ್ತಾರೆ. ಹಾಡಿನ ಭಾಷೆ ಕುನ್ಸಾ. ಮನೆಮಾತಾಗಿ ಅದು ಅಳಿದು ಬಹುಕಾಲವಾಯಿತು. ನೀರು ಬೇಡುವ ಈ ಹಾಡಿನಲ್ಲಿ ಮಾತ್ರ ಉಸಿರಾಡುತ್ತಿದೆ. ಕಾಲುವೆಯ ಕೆಲಸ ಬಿಡಲಾಗದ್ದು, ಆದ್ದರಿಂದ ಹಾಡೂ ಬಿಟ್ಟುಹೋಗಲಿಲ್ಲ.

ಬೆಟ್ಟಗಳ ಬಗ್ಗೆ ಇವರು ಹೇಳುವ ಕತೆಯಲ್ಲಿ ಲಿಕಾನ್‌ಕಾಬುರ್ ಗಂಡು. ಅಟಕಾಮಾದ ಉಪ್ಪಿನ ಬಯಲಿನ ಆಚೆ ಒಂಟಿಯಾಗಿ ನಿಂತ ಕಿಮಾಲ್ ಹೆಣ್ಣು. ಅವಳಿಗಾಗಿ ಅಣ್ಣತಮ್ಮಂದಿರು ಕಾದಾಡಿದರು, ಲಿಕಾನ್‌ಕಾಬುರ್ ಹುರಿಕೆಸ್‌ನ ತಲೆ ಕಡಿದ. ಅದಕ್ಕೇ ಅದರ ನೆತ್ತಿ ಚಪ್ಪಟೆ. ಜಗಳ ಕಂಡು ಸಿಟ್ಟಾದ ಹಿರಿಯ ಲಾಸ್ಕರ್ ಕಿಮಾಲ್‌ಳನ್ನು ಬಯಲಿನಾಚೆಗೆ ಅಟ್ಟಿದ. ವರ್ಷದಲ್ಲಿ ಕೆಲವೇ ದಿನ, ಸೂರ್ಯ ಹುಟ್ಟುವಾಗ, ಲಿಕಾನ್‌ಕಾಬುರ್‌ನ ನೆರಳು ಬಯಲು ದಾಟಿ ಕಿಮಾಲ್‌ಳನ್ನು ಮುಟ್ಟುತ್ತದೆ. ಆಗ ನೆಲ ಫಲವತ್ತಾಗುತ್ತದೆ ಎನ್ನುತ್ತಾರೆ. ಚಪ್ಪಟೆ ಕುಳಿಯನ್ನೂ ಸಿಡಿಯುವ ಲಾಸ್ಕರ್‌ನ ಸಿಟ್ಟನ್ನೂ ಬಿಡದೆ ಹೆಣೆದ ಈ ಕತೆಯಲ್ಲಿ ಸೀಮೆಯ ಭೂಗೋಳವೆಲ್ಲ ಅಡಗಿದೆ.

ಬೊಲಿವಿಯಾದ ಕಡೆಗೆ ಇಳಿದರೆ ಲಿಕಾನ್‌ಕಾಬುರ್‌ನ ಕಾಲಬುಡದಲ್ಲೇ, 4,300 ಮೀಟರಿನಲ್ಲಿ, ಲಗೂನಾ ವೆರ್ದೆ ಎಂಬ ಹಸಿರು ಕೆರೆ. ತಾಮ್ರ, ಆರ್ಸೆನಿಕ್ ಮುಂತಾದ ಖನಿಜಗಳು ಕೂಡಿ ಕೊಟ್ಟ ಬಣ್ಣ. ಮಧ್ಯಾಹ್ನದ ಗಾಳಿ ನೀರನ್ನು ಕಲಕಿದಾಗ ಇನ್ನಷ್ಟು ಗಾಢವಾಗುತ್ತದೆ. ನೋಡಲು ಚೆಂದ, ಕುಡಿಯಲು ವಿಷ. ಜ್ವಾಲಾಮುಖಿ ಸೀಮೆಯ ನೀರಿಗೆ ಇದು ಅಂಟಿಕೊಂಡ ಶಾಪ. ಕಲ್ಲಿನ ಆರ್ಸೆನಿಕ್ ಬಿಸಿನೀರಿನ ಬುಗ್ಗೆಗಳ ಮೂಲಕ ತೊರೆಗಳಿಗೆ ಸೇರುತ್ತದೆ. ಚಿಲಿಯ ಕರಾವಳಿಯ ಆಂತೊಫಗಾಸ್ತಾ ನಗರಕ್ಕೆ 1958ರಲ್ಲಿ ಈ ಎತ್ತರದ ನದಿಗಳ ನೀರು ಹರಿಸಿದಾಗ ಯಾರೂ ಇದನ್ನು ಎಣಿಸಿರಲಿಲ್ಲ. 1970ರಲ್ಲಿ ಶುದ್ಧೀಕರಣ ಘಟಕ ಬರುವವರೆಗೂ ಜನ ಕುಡಿದ ನೀರಿನಲ್ಲಿ ಲೀಟರಿಗೆ 800 ಮೈಕ್ರೋಗ್ರಾಂ ಮೀರಿದ ಆರ್ಸೆನಿಕ್ ಇತ್ತು. ಈಗಿನ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 10. ಶ್ವಾಸಕೋಶ ಮತ್ತು ಮೂತ್ರಕೋಶದ ಕ್ಯಾನ್ಸರ್ ಆ ನಗರದಲ್ಲಿ ದಶಕಗಳವರೆಗೆ ಹೆಚ್ಚಿತು. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿಯ ಆರ್ಸೆನಿಕ್‌ನಿಂದ ಚರ್ಮ ಕೆಟ್ಟು, ಕ್ಯಾನ್ಸರಿಗೆ ತುತ್ತಾದವರ ಸುದ್ದಿ ಓದಿದ ಕನ್ನಡಿಗರಿಗೆ ಈ ನೋವು ದೂರದ್ದೆನಿಸದು.

ಆದರೂ ಈ ಉಪ್ಪು, ಆರ್ಸೆನಿಕ್‌ಗಳ ನೀರಿನಲ್ಲೇ ಬದುಕು ಕಟ್ಟಿಕೊಂಡ ಜೀವಿಗಳಿವೆ. ಇಲ್ಲಿನ ಕೆರೆಗಳಿಗೆ ಮೂರು ಜಾತಿಯ ಫ್ಲೆಮಿಂಗೊಗಳು ಬರುತ್ತವೆ: ಚಿಲಿ ಫ್ಲೆಮಿಂಗೊ, ಆಂಡೀಸ್ ಫ್ಲೆಮಿಂಗೊ, ಜೇಮ್ಸ್ ಫ್ಲೆಮಿಂಗೊ. ಕೊನೆಯದು ಅಳಿದೇ ಹೋಯಿತು ಎಂದು ಪಕ್ಷಿತಜ್ಞರು ಕೈಬಿಟ್ಟಿದ್ದಾಗ, 1950ರ ದಶಕದಲ್ಲಿ ಬೊಲಿವಿಯಾದ ಇದೇ ಎತ್ತರದ ಕೆರೆಗಳಲ್ಲಿ ಮತ್ತೆ ಕಾಣಿಸಿತು. ಕಲ್ಲಿನ ಮೇಲೆ ಹಸಿರು ದಿಂಬಿನಂತೆ ಒತ್ತೊತ್ತಾಗಿ ಬೆಳೆಯುವ ಯರೇತಾ ಗಿಡ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಮಾತ್ರ ಹಬ್ಬುತ್ತದೆ. ಸಾವಿರಾರು ವರ್ಷದ ಗಿಡಗಳನ್ನು ಕಳೆದ ಶತಮಾನದಲ್ಲಿ ಚುಕಿಕಮಾತಾ ತಾಮ್ರದ ಗಣಿಗೆ ಉರುವಲಾಗಿ ಕಿತ್ತೊಯ್ದದ್ದು ಮನಸ್ಸಿಗೆ ನಾಟುವ ಸಂಗತಿ. ಇನ್ನು ಯುಯಾಯಾಕೊದ ನೆತ್ತಿಯಲ್ಲಿ 2020ರಲ್ಲಿ ಜೀವವಿಜ್ಞಾನಿ ಜೇ ಸ್ಟೋರ್ಜ್ ಒಂದು ಇಲಿಯನ್ನು ಹಿಡಿದರು. 6,739 ಮೀಟರ್! ಸಮುದ್ರಮಟ್ಟದ ಅರ್ಧಕ್ಕಿಂತ ಕಡಿಮೆ ಆಮ್ಲಜನಕ, ಸುತ್ತ ಒಂದು ಹುಲ್ಲುಕಡ್ಡಿಯೂ ಇಲ್ಲ. ಇಷ್ಟು ಎತ್ತರದಲ್ಲಿ ಜೀವಂತ ಸಿಕ್ಕ ಇನ್ನೊಂದು ಸಸ್ತನಿಯಿಲ್ಲ. ಇಂಕಾಗಳು ಹೊತ್ತುತಂದ ಸಾಮಾನಿನಲ್ಲಿ ಬಂದಿರಬಹುದೇ ಎಂಬ ಊಹೆಯಿತ್ತು. ಬೇರೆ ಶಿಖರಗಳಲ್ಲಿ ಸಿಕ್ಕ ಒಣಗಿದ ಇಲಿದೇಹಗಳ ವಯಸ್ಸು ಲೆಕ್ಕ ಹಾಕಿದಾಗ ಅವು ಇಂಕಾ ಕಾಲದ ನಂತರದವೆಂದು ತಿಳಿಯಿತು. ಇಲಿಗಳು ತಮ್ಮಷ್ಟಕ್ಕೆ ತಾವೇ ಹತ್ತಿವೆ.

ಲಿಕಾನ್‌ಕಾಬುರ್‌ನ ದಕ್ಷಿಣಕ್ಕೆ ಚಾಹ್ನಾಂತೋರ್ ಎಂಬ ಬಯಲಿದೆ, 5,000 ಮೀಟರಿನಲ್ಲಿ. 2013ರ ಮಾರ್ಚ್‌ನಲ್ಲಿ ಅಲ್ಲಿ ಉದ್ಘಾಟನೆಯಾದ ಆಲ್ಮಾ ದೂರದರ್ಶಕ 66 ಆಂಟೆನಾಗಳ ಒಂದು ಬಳಗ. ಆಕಾಶದಿಂದ ಬರುವ ಮಿಲಿಮೀಟರ್ ಅಲೆಗಳನ್ನು ವಾತಾವರಣದ ನೀರಾವಿ ನುಂಗಿಬಿಡುತ್ತದೆ. ಆದ್ದರಿಂದಲೇ ನೀರಾವಿ ಅತಿ ಕಡಿಮೆಯಿರುವ ಈ ಜಾಗದ ಆಯ್ಕೆ. 2019ರಲ್ಲಿ ಜಗತ್ತು ನೋಡಿದ ಕಪ್ಪುಕುಳಿಯ ಮೊದಲ ಚಿತ್ರಕ್ಕೆ ಆಲ್ಮಾದ ದತ್ತಾಂಶ ಬಲ ಕೊಟ್ಟಿತು. 2024ರಲ್ಲಿ ಇನ್ನೊಂದು ಸುದ್ದಿ ಬಂತು: 450 ಜ್ಯೋತಿರ್ವರ್ಷ ದೂರದ ಎಚ್‌ಎಲ್ ಟೌರಿ ಎಂಬ ಎಳೆಯ ನಕ್ಷತ್ರದ ಸುತ್ತಲಿನ ತಟ್ಟೆಯ ಒಳಭಾಗದಲ್ಲಿ ಭೂಮಿಯ ಎಲ್ಲ ಸಾಗರಗಳ ಮೂರರಷ್ಟಾದರೂ ನೀರಾವಿ ಇದೆ ಎಂದು ಆಲ್ಮಾ ಕಂಡುಹಿಡಿಯಿತು. ನೀರಿಲ್ಲವೆಂಬ ಕಾರಣಕ್ಕೇ ಆರಿಸಿದ ಜಾಗದಿಂದ ಇನ್ನೊಂದು ಲೋಕದ ನೀರು ಕಂಡಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಇದೇ ತರ್ಕದಿಂದ ಲಡಾಖಿನ ಹಾನ್ಲೆಯನ್ನು ಆರಿಸಿತು. 4,500 ಮೀಟರ್ ಎತ್ತರದ ಆ ಶೀತ ಮರುಭೂಮಿಯಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಹೊಸಕೋಟೆಯ ಕೇಂದ್ರದಿಂದ.

ವಿಜ್ಞಾನದ ಈ ಸಂಭ್ರಮದ ಪಕ್ಕದಲ್ಲಿ ಗಡಿಯ ಕ್ರೌರ್ಯವೂ ಇತ್ತು. 1970ರ ದಶಕದಲ್ಲಿ ಚಿಲಿಯ ಸೈನ್ಯ ಗಡಿಯುದ್ದಕ್ಕೂ ನೆಲಬಾಂಬು ಹೂತಿತು. ಚಾರಣಿಗರು ಬೊಲಿವಿಯಾದ ಕಡೆಯಿಂದಲೇ ಲಿಕಾನ್‌ಕಾಬುರ್ ಹತ್ತುವ ರೂಢಿಗೆ ಅದೂ ಒಂದು ಕಾರಣ. ಅವುಗಳನ್ನು ತೆಗೆದು ಮುಗಿಸಿದ್ದು 2020ರಲ್ಲಿ.

ಬೆಟ್ಟದ ಕಾವನ್ನು ಹಣಕ್ಕೆ ತಿರುಗಿಸುವ ಪ್ರಯತ್ನ ನಡೆದದ್ದು ಉತ್ತರದ ಎಲ್ ತಾತಿಯೊದಲ್ಲಿ. 4,300 ಮೀಟರಿನಲ್ಲಿ ಎಂಬತ್ತಕ್ಕೂ ಹೆಚ್ಚು ಬಿಸಿನೀರಿನ ಚಿಲುಮೆಗಳು ಏಳುವ ಈ ಜಾಗದಲ್ಲಿ ನೀರು 86 ಡಿಗ್ರಿಗೇ ಕುದಿಯುತ್ತದೆ. ಭೂಶಾಖದಿಂದ ವಿದ್ಯುತ್ ತೆಗೆಯಲು ಕೊರೆದ ಬಾವಿಯೊಂದು 2009ರ ಸೆಪ್ಟೆಂಬರ್‌ನಲ್ಲಿ ಹತೋಟಿ ತಪ್ಪಿ, ಹಬೆ ಅರವತ್ತು ಮೀಟರ್ ಮೇಲಕ್ಕೆ ಚಿಮ್ಮತೊಡಗಿತು. ಮೊದಲಿನಿಂದಲೂ ಬೇಡವೆಂದಿದ್ದ ಹಳ್ಳಿಯವರ ಮಾತು ನಿಜವಾಯಿತು. ಯೋಜನೆ ನಿಂತಿತು.

ಲಿಥಿಯಮ್ ಗಣಿಗಾರಿಕೆ ಮಾತ್ರ ನಿಂತಿಲ್ಲ. ಲಕ್ಷಾಂತರ ವರ್ಷ ಜ್ವಾಲಾಮುಖಿಯ ಬೂದಿ, ಕಲ್ಲುಗಳಿಂದ ನೀರು ತೊಳೆದು ತಂದ ಲಿಥಿಯಮ್ ಹೊರಹೋಗಲು ದಾರಿಯಿಲ್ಲದ ತಗ್ಗಿನಲ್ಲಿ ಸೇರಿತು. ಸುಮಾರು 3,000 ಚದರ ಕಿಲೋಮೀಟರಿನ ಆ ತಗ್ಗು ಅಟಕಾಮಾದ ಉಪ್ಪಿನ ಬಯಲು, ಸಲಾರ್ ದೆ ಅಟಕಾಮಾ. ಹೊರಪದರದ ಉಪ್ಪಿನ ಕೆಳಗೆ ಗಾಢವಾದ ಉಪ್ಪುನೀರು. ಅದರಲ್ಲಿ ಲಿಥಿಯಮ್ ಶೇಕಡ 0.15ರಷ್ಟು. ಎಸ್‌ಕ್ಯೂಎಮ್ ಮತ್ತು ಆಲ್ಬಮಾರ್ಲ್ ಎಂಬ ಎರಡು ಕಂಪನಿಗಳು ಆ ನೀರನ್ನು ಮೇಲೆತ್ತಿ ಮೈದಾನದಂಥ ಕೊಳಗಳಲ್ಲಿ ಹರಡಿ ಒಂದು ವರ್ಷಕ್ಕೂ ಮೀರಿ ಬಿಸಿಲಿಗೆ ಬಿಡುತ್ತ ಬಂದಿವೆ. ಲಿಥಿಯಮ್ ಶೇಕಡ 6ರಷ್ಟು ಗಾಢವಾಗುವ ಹೊತ್ತಿಗೆ ನೀರಿನ ಬಹುಪಾಲು ಗಾಳಿಯ ಪಾಲಾಗಿರುತ್ತದೆ. ಮೊಬೈಲ್, ಎಲೆಕ್ಟ್ರಿಕ್ ಸ್ಕೂಟರ್, ಕಾರುಗಳ ಬ್ಯಾಟರಿಗೆ ಬೇಕಾದ ಪುಡಿ ಹುಟ್ಟುವುದು ಹೀಗೆ.

ಚಿಲಿಯ ಕಾನೂನಿನಲ್ಲಿ ಈ ಉಪ್ಪುನೀರು ಖನಿಜ. ನೀರಿನ ಲೆಕ್ಕಕ್ಕೆ ಬರುವುದಿಲ್ಲ. ಸಿಹಿನೀರಿನದು ಇನ್ನೊಂದು ಕತೆ. 1981ರ ಜಲಸಂಹಿತೆ ನೀರಿನ ಹಕ್ಕನ್ನು ನೆಲದಿಂದ ಬೇರ್ಪಡಿಸಿ, ಕೊಳ್ಳಬಹುದಾದ, ಮಾರಬಹುದಾದ ಸ್ವತ್ತನ್ನಾಗಿ ಮಾಡಿತು. ಕಾಲುವೆಯ ಹೂಳು ಒಟ್ಟಿಗೆ ತೆಗೆದು, ಸರದಿಯಲ್ಲಿ ಹಂಚಿಕೊಂಡು ಬಾಳಿದ ಲಿಕಾನಂತಾಯ್ ಹಳ್ಳಿಗಳ ಮೇಲೆ ಇಂಥ ಕಾನೂನು ಬೀಳುವುದು ದೊಡ್ಡ ಅನ್ಯಾಯ ಎನ್ನದೆ ವಿಧಿಯಿಲ್ಲ.

ಆದರೆ ಹಾನಿಯ ಲೆಕ್ಕ ಹಾಕುವಾಗ ಎಚ್ಚರ ಬೇಕು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಬಯಲಿನ ಅಂಚಿನ ಜವುಗುಗಳಿಗೆ ಬರುವ ಸಿಹಿನೀರಿನ ಅರ್ಧಕ್ಕಿಂತ ಹೆಚ್ಚು ಪಾಲು ಅರವತ್ತು ವರ್ಷಕ್ಕೂ ಹಳೆಯದು. ಸಿಹಿನೀರಿನ ಬಳಕೆಯಲ್ಲಿ ಲಿಥಿಯಮ್ ಉದ್ಯಮದ ಪಾಲು ಹತ್ತರಲ್ಲಿ ಒಂದರ ಆಸುಪಾಸು. ತಾಮ್ರದ ಗಣಿ, ಬೇಸಾಯ, ಪ್ರವಾಸೋದ್ಯಮಗಳು ಅದಕ್ಕಿಂತ ಹೆಚ್ಚು ಎತ್ತುತ್ತವೆ. ಇವತ್ತು ಎತ್ತಿದ ನೀರಿನ ಪರಿಣಾಮ ಕಾಣಲು ದಶಕಗಳೇ ಬೇಕಾಗಬಹುದು ಎಂಬುದೇ ಇದರಲ್ಲಿನ ಭಯದ ಸಂಗತಿ. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನ, ಗಣಿಗಾರಿಕೆ ನಡೆದಿರುವ ಈ ಬಯಲಿನಲ್ಲಿ ಹನ್ನೊಂದು ವರ್ಷಗಳ ಅವಧಿಯಲ್ಲಿ ಜೇಮ್ಸ್ ಮತ್ತು ಆಂಡೀಸ್ ಫ್ಲೆಮಿಂಗೊಗಳ ಸಂಖ್ಯೆ ಶೇಕಡ 10ರಿಂದ 12ರಷ್ಟು ಇಳಿದಿದೆ ಎಂದಿತು. 2024ರಲ್ಲಿ ಚಿಲಿ ವಿಶ್ವವಿದ್ಯಾಲಯದವರು ಉಪಗ್ರಹ ಚಿತ್ರಗಳಿಂದ ತೋರಿಸಿದ್ದು: ಉಪ್ಪುನೀರು ಎತ್ತುವ ಭಾಗದಲ್ಲಿ ನೆಲ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಕುಸಿಯುತ್ತಿದೆ.

ಈ ವ್ಯಾಪಾರದ ಕೊಂಡಿ ಭಾರತಕ್ಕೂ ಬಂದು ತಾಗಿದೆ. ಮಂಡ್ಯ ಜಿಲ್ಲೆಯ ಮರಳಗಾಲದ ಸುತ್ತ ಗುರುತಿಸಿದ ಲಿಥಿಯಮ್ 1,600 ಟನ್ ಮಾತ್ರ, ದೇಶದ ಅಗತ್ಯದ ಮುಂದೆ ಏನೂ ಅಲ್ಲ. ಭಾರತ ಸರ್ಕಾರದ ಖನಿಜ್ ಬಿದೇಶ್ ಇಂಡಿಯಾ ಕಂಪನಿ 2024ರ ಜನವರಿಯಲ್ಲಿ ಅರ್ಜೆಂಟೀನಾದ ಕತಾಮಾರ್ಕಾ ಪ್ರಾಂತ್ಯದಲ್ಲಿ, ಅಂದರೆ ಇದೇ ಆಂಡೀಸಿನ ಆಚೆ ಬದಿಯಲ್ಲಿ, 15,703 ಹೆಕ್ಟೇರಿನ ಐದು ಬ್ಲಾಕುಗಳಲ್ಲಿ ಶೋಧಕ್ಕೆ ಒಪ್ಪಂದ ಮಾಡಿಕೊಂಡಿತು. 2025ರ ಏಪ್ರಿಲ್‌ನಲ್ಲಿ ಚಿಲಿಯ ಅಧ್ಯಕ್ಷರಾಗಿದ್ದ ಗೇಬ್ರಿಯಲ್ ಬೋರಿಚ್ ಭಾರತಕ್ಕೆ ಬಂದಾಗ ದೆಹಲಿ, ಮುಂಬೈಗಳ ಜೊತೆಗೆ ಬೆಂಗಳೂರಿಗೂ ಭೇಟಿ ಕೊಟ್ಟರು. ಎರಡು ಸರ್ಕಾರಗಳ ಮಾತುಕತೆಯಲ್ಲಿ ಖನಿಜಗಳಿಗೆ ದೊಡ್ಡ ಜಾಗವಿತ್ತು. ಬ್ಯಾಟರಿ ವಾಹನ ತಯಾರಿಸುವ ಬೆಂಗಳೂರಿನ ಕಂಪನಿಗಳೂ ಅವುಗಳನ್ನು ಕೊಳ್ಳುವ ಗಿರಾಕಿಗಳೂ ಸೊಕಾಯ್ರೆಯ ಹೆಸರನ್ನು ಒಮ್ಮೆಯಾದರೂ ಕೇಳಿರಬೇಕು.

ಚಿಲಿಯ ಸರ್ಕಾರಿ ತಾಮ್ರ ಕಂಪನಿ ಕೊಡೆಲ್ಕೊ ಮತ್ತು ಎಸ್‌ಕ್ಯೂಎಮ್ ಸೇರಿ ಈ ಬಯಲಿನಿಂದ 2060ರವರೆಗೆ ಲಿಥಿಯಮ್ ತೆಗೆಯುವ ಒಪ್ಪಂದಕ್ಕೆ 2024ರಲ್ಲಿ ಸಹಿ ಹಾಕಿದವು. ಅದರ ಮೊದಲ ಮಾತುಕತೆಗೆ ತಮ್ಮನ್ನು ಸರಿಯಾಗಿ ಸೇರಿಸಿಕೊಳ್ಳಲಿಲ್ಲವೆಂದು ಆ ವರ್ಷದ ಜನವರಿಯಲ್ಲಿ ಲಿಕಾನಂತಾಯ್ ಜನ ಬಯಲಿನ ರಸ್ತೆಗಳನ್ನು ತಡೆದು ಕೂತಿದ್ದರು. ಮಾತುಕತೆ ಮತ್ತೆ ಶುರುವಾಯಿತು. ಅದಕ್ಕೂ ಮೊದಲು, 2016ರಲ್ಲಿ, ಆಲ್ಬಮಾರ್ಲ್ ಕಂಪನಿ ಇಲ್ಲಿನ ಮಾರಾಟದ ಶೇಕಡ 3.5ರಷ್ಟನ್ನು ಸಮುದಾಯಗಳಿಗೆ ಕೊಡಲು ಒಪ್ಪಿತ್ತು. ಈ ಹಣ ಊರೂರಿನಲ್ಲಿ ಒಡಕನ್ನೂ ತಂದಿದೆ. ತಗೊಳ್ಳಬೇಕು ಎನ್ನುವವರಿದ್ದಾರೆ, ಮುಟ್ಟಬಾರದು ಎನ್ನುವವರಿದ್ದಾರೆ. ಹದಿನೆಂಟು ಸಮುದಾಯಗಳ ಒಕ್ಕೂಟವಾದ ಅಟಕಾಮೆನ್ಯೊ ಜನರ ಮಂಡಳಿ ಈಗ ತನ್ನದೇ ಪರಿಸರ ಘಟಕ ಇಟ್ಟುಕೊಂಡಿದೆ. ಕಂಪನಿಗಳು ಕೊಡುವ ಅಂಕಿಗಳನ್ನಷ್ಟೇ ನಂಬದೆ, ಅದರ ತಂತ್ರಜ್ಞರು ಬಯಲಿನ ಸುತ್ತಲಿನ ಕೆರೆ, ಬಾವಿಗಳ ಮಟ್ಟವನ್ನು ತಾವೇ ಅಳೆದು ದಾಖಲಿಸುತ್ತಿದ್ದಾರೆ.